ಸುದ್ದಿಬರಹದಲ್ಲಿ ‘ಅಲರ್ಟ್’: ಒಂದು ಪದವಿಚಾರ

ಮಳೆಗಾಲ ಬಂದೊಡನೆ ಪತ್ರಿಕೆಗಳ ತಲೆಬರಹದಲ್ಲಿ ನೆಲೆಯೂರುವ ಇಂಗ್ಲಿಷ್ ಪದ ‘ಅಲರ್ಟ್’. ಕೃಷ್ಣೆಯ ದಡದ ಸಾಂಗ್ಲಿವಾಡಿಯಲ್ಲಿ ಮರಾಠಿ ಪತ್ರಿಕೆ ಓದುವವರಿಗೂ, ಅದೇ ಹೊಳೆಯ ಕೆಳಭಾಗದ ಚಿಕ್ಕೋಡಿ, ಅಥಣಿ ತಾಲ್ಲೂಕುಗಳಲ್ಲಿ ಕನ್ನಡ ಪತ್ರಿಕೆ ಓದುವವರಿಗೂ ಈ ಪದ ಸಮಾನವಾಗಿ ಪರಿಚಿತ. ಪರಿಚಿತವಾದ ಮಾತ್ರಕ್ಕೆ ಅದರ ಅರ್ಥ ಸ್ಪಷ್ಟವಾಗಿದೆಯೆ ಎಂಬುದು ವಿಚಾರಾರ್ಹ.

ಪದದ ಮೂಲ ಇಟಾಲಿಯನ್ ಭಾಷೆಯ ‘ಆಲ್ ಎರ್ತಾ’. ‘ಎತ್ತರದ ಕಾವಲಿಗೆ’ ಎಂದರ್ಥ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಗುಣವಾಚಕ, ನಾಮಪದ, ಕ್ರಿಯಾಪದ ಮೂರೂ ಆಯಿತು. ಕನ್ನಡ ಸುದ್ದಿಯಲ್ಲಿಯೂ ‘ಅಲರ್ಟ್ ಆಗಿರಿ’, ‘ಅಲರ್ಟ್ ಘೋಷಣೆ’, ‘ಅಧಿಕಾರಿಗಳನ್ನು ಅಲರ್ಟ್ ಮಾಡಲಾಗಿದೆ’ ಎಂಬ ಮೂರು ಪ್ರಯೋಗಗಳಿವೆ. ಕನ್ನಡವಾದರೋ ಇವನ್ನು ಬೇರೆ ಬೇರೆಯಾಗಿ ಹೇಳಬಲ್ಲದು: ‘ಎಚ್ಚರ’ ಮನಸ್ಸಿನ ಸ್ಥಿತಿ, ‘ಎಚ್ಚರಿಕೆ’ ಕೊಡುವ ಸೂಚನೆ, ‘ಎಚ್ಚರಿಸು’ ಕ್ರಿಯೆ.

ತೊಡಕು ಇರುವುದು ಬಣ್ಣಗಳಲ್ಲಿ. ಭಾರತೀಯ ಹವಾಮಾನ ಇಲಾಖೆಯ ಕ್ರಮದಲ್ಲಿ ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನಿಸುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕಾರ್ಯಕ್ಕಿಳಿಯಿರಿ. ಇಲಾಖೆ ‘ಅಲರ್ಟ್’ ಎಂಬ ಪದವನ್ನು ಕಿತ್ತಳೆಗೆ ಹೊಂದಿಸಿದೆ; ಕೆಂಪಿಗೆ ಅದು ಬಳಸುವುದು ‘ವಾರ್ನಿಂಗ್’. ಪತ್ರಿಕೆಗಳು ಮಾತ್ರ ಯೆಲ್ಲೋ, ಆರೆಂಜ್, ರೆಡ್ ಮೂರಕ್ಕೂ ‘ಅಲರ್ಟ್’ ಸೇರಿಸುತ್ತವೆ. ಗಮನಿಸಬೇಕಾದವನೂ ಕಾರ್ಯಕ್ಕಿಳಿಯಬೇಕಾದವನೂ ಓದುವುದು ಒಂದೇ ಪದ.

ಇನ್ನೊಂದು ಮಾತು. ಈ ಬಣ್ಣಗಳು ಮಳೆಯ ಮುನ್ಸೂಚನೆಗೆ ಸೇರಿದವು, ಹೊಳೆಯ ಮಟ್ಟಕ್ಕಲ್ಲ. ಸಾಂಗ್ಲಿಯಲ್ಲಿ ಬಿಸಿಲಿದ್ದರೂ ಕೊಯ್ನಾ ಕಣಿವೆಯಲ್ಲಿ ಮಳೆ ಸುರಿದು ಅಣೆಕಟ್ಟಿನಿಂದ ನೀರು ಬಿಟ್ಟರೆ ಕೃಷ್ಣೆ ಏರುತ್ತದೆ. ಐರ್ವಿನ್ ಸೇತುವೆಯ ಬಳಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿಯನ್ನು ಮುಟ್ಟಿ ಮೀರಿತು. ಆದುದರಿಂದ ‘ರೆಡ್ ಅಲರ್ಟ್ ಹಿಂದಕ್ಕೆ’ ಎಂಬ ತಲೆಬರಹವನ್ನು ‘ನೆರೆ ಇಳಿಯಿತು’ ಎಂದು ಓದಿಕೊಂಡು ಮನೆಗೆ ಮರಳಿದವರು ಅಪಾಯಕ್ಕೆ ಸಿಲುಕಬಹುದು.

ಹಾಗಾದರೆ ನೆರೆಯ ಭಾಷೆಯಿಂದ ಪದ ತರಬಹುದೆ? ಮರಾಠಿಯಲ್ಲಿ ಈ ಎರಡು ಮಟ್ಟಗಳು ‘ಇಶಾರಾ ಪಾತಳಿ’, ‘ಧೋಕಾ ಪಾತಳಿ’. ಅಲ್ಲಿ ‘ಇಶಾರಾ’ ಎಂದರೆ ಎಚ್ಚರಿಕೆ. ಕನ್ನಡದ ‘ಇಶಾರೆ’ ಕಣ್ಸನ್ನೆ, ಕೈಸನ್ನೆ. ಅಲ್ಲಿ ‘ಧೋಕಾ’ ಎಂದರೆ ಅಪಾಯವೂ ಹೌದು. ಕನ್ನಡದ ‘ದೋಖಾ’ ಬರಿಯ ಮೋಸ. ಎರಡೂ ಭಾಷೆ ಬಲ್ಲ ಗಡಿನಾಡಿನ ವಿದ್ಯಾರ್ಥಿ ಅನುವಾದಿಸುವಾಗ ಎಡವುವುದು ಇಂಥ ಸಮರೂಪಗಳಲ್ಲಿಯೇ.

‘ಅಲರ್ಟ್’ ಪದವನ್ನು ಬಹಿಷ್ಕರಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಜನರ ಬಾಯಲ್ಲಿ ನೆಲೆನಿಂತ ಪದ ಭಾಷೆಗೆ ಹೊರೆಯಲ್ಲ. ಆದರೆ ಆ ಪದವೊಂದೇ ಸುದ್ದಿಯಾಗಲಾರದು. ಯಾರಿಗೆ, ಯಾವುದರ ಬಗ್ಗೆ, ಎಲ್ಲಿಯವರೆಗೆ, ಏನು ಮಾಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ವಾಕ್ಯ ಉತ್ತರಿಸಬೇಕು. ‘ಸಾಂಗ್ಲಿಗೆ ರೆಡ್ ಅಲರ್ಟ್’ ಎಂಬುದು ಬೆದರಿಸುತ್ತದೆ, ‘ನಾಳೆ ಸಂಜೆಯವರೆಗೆ ಭಾರಿ ಮಳೆಯ ಸಂಭವ, ಹೊಳೆದಂಡೆಯವರು ಇಂದೇ ದನಕರುಗಳೊಡನೆ ಎತ್ತರದ ಜಾಗಕ್ಕೆ ಹೋಗಬೇಕು’ ಎಂಬುದು ದಾರಿ ತೋರುತ್ತದೆ.

ಅಭ್ಯಾಸ: ಒಂದು ವಾರದ ಕನ್ನಡ, ಮರಾಠಿ ಪತ್ರಿಕೆಗಳಿಂದ ‘ಅಲರ್ಟ್’ ಇರುವ ಐದು ತಲೆಬರಹಗಳನ್ನು ಆಯ್ದುಕೊಳ್ಳಿರಿ. ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ದೊರೆಯಿತೆಂದು ಗುರುತಿಸಿ, ಸುದ್ದಿಯ ಒಡಲಿನಲ್ಲಿರುವ ವಿವರಗಳಿಂದ ಪ್ರತಿಯೊಂದನ್ನೂ ತಿದ್ದಿ ಬರೆಯಿರಿ.