ಸುರಿಯುವ ಮೊದಲು ಜಾಲರಿ ಎತ್ತಿ ನೋಡಿ

ಅಡುಗೆಮನೆಯ ಹಿಂದಿನ ಮೋರಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಪ್ರತಿ ಭಾನುವಾರ ಬ್ಲೀಚಿಂಗ್ ಪೌಡರ್ ಹಾಕಿ, ಹಿಂದೆಯೇ ಆ್ಯಸಿಡ್ ಸುರಿಯುತ್ತೇವೆ. ಬುಧವಾರದ ಹೊತ್ತಿಗೆ ಮತ್ತೆ ಅದೇ ನಾತ. ಮೋರಿ ಒಡೆಸಿ ಹೊಸದಾಗಿ ಕಟ್ಟಿಸೋಣ ಅಂತಾರೆ ನಮ್ಮ ಯಜಮಾನರು.
– ಗೃಹಿಣಿ, ದಾವಣಗೆರೆ

ಒಡೆಸಬೇಡಿ ತಾಯಿ. ಮೊದಲು ಆ ಭಾನುವಾರದ ಅಭಿಷೇಕ ನಿಲ್ಲಿಸಿ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಯಲಲ್ಲಿದ್ದೀರಿ, ಅದಕ್ಕೆ ಬರೀ ಕೆಮ್ಮಿನಲ್ಲಿ ಮುಗಿದಿದೆ. ಮುಚ್ಚಿದ ಬಚ್ಚಲಲ್ಲಾದರೆ ಪ್ರಾಣಕ್ಕೇ ಕುತ್ತು.

ಸಿಂಕಿನ ಪೈಪು ಹೊರಗೆ ಬಂದು ಬೀಳುವಲ್ಲಿ ಒಂದು ಸಣ್ಣ ಚೌಕದ ಗುಂಡಿ, ಮೇಲೊಂದು ಜಾಲರಿ ಇರುತ್ತದಲ್ಲ, ಅದನ್ನು ಎತ್ತಿ. ಒಳಗಿರುವ ಬಾಗಿದ ಕೊಳವೆಯೇ ಗಲ್ಲಿ ಟ್ರ್ಯಾಪ್. ಅದರ ಬಾಗಿನಲ್ಲಿ ಎರಡು, ಎರಡೂವರೆ ಇಂಚು ನೀರು ಸದಾ ನಿಂತಿರಬೇಕು. ಮನೆಯ ನೀರು ಅದನ್ನು ದಾಟಿ ಹೋಗುತ್ತದೆ, ಒಳಚರಂಡಿಯ ಗಾಳಿ ಅದನ್ನು ದಾಟಿ ಬರಲಾರದು. ಒಂದು ಬಕೆಟ್ ನೀರು ಹಾಕಿ ಐದು ನಿಮಿಷ ಕಾಯಿರಿ. ನೀರು ನಿಲ್ಲದೆ ಪೂರಾ ಇಳಿದುಹೋದರೆ ಟ್ರ್ಯಾಪ್ ಬಿರುಕು ಬಿಟ್ಟಿದೆ. ಅದೊಂದನ್ನು ಬದಲಿಸಿದರೆ ಸಾಕು.

ನೀರು ನಿಂತರೂ ನಾತವಿದ್ದರೆ ಟ್ರ್ಯಾಪಿನ ಆಚೆ ಬದಿ ನೋಡಿ. ಕಟ್ಟಿಕೊಂಡಾಗ ತಿವಿಯಲೆಂದು ಅಲ್ಲೊಂದು ಕಿಂಡಿ, ಅದಕ್ಕೊಂದು ಬಿರಡೆ ಇರುತ್ತದೆ. ತಿವಿಯಲು ಬಿರಡೆ ತೆಗೆದವರು ಹಾಕುವುದನ್ನು ಮರೆಯುತ್ತಾರೆ. ಆಗ ಟ್ರ್ಯಾಪಿನಲ್ಲಿ ಎಷ್ಟು ನೀರಿದ್ದರೂ ಅಷ್ಟೆ, ಗಾಳಿಗೆ ಅಡ್ಡದಾರಿ ಸಿಕ್ಕಿಬಿಟ್ಟಿರುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ ಆ ಕಿಂಡಿಗೆ ಹಳೇ ಪಂಚೆಯ ತುಂಡು ತುರುಕಿದ್ದರು, ಆರು ತಿಂಗಳಿಂದ ಫಿನಾಯಿಲ್ ಸುರಿಯುತ್ತಿದ್ದರು. ಬಿರಡೆ ಪಕ್ಕದ ತುಳಸಿ ಕುಂಡದ ಹಿಂದೆಯೇ ಬಿದ್ದಿತ್ತು!

ಇನ್ನು ಜಿಡ್ಡು. ಬಾಣಲೆಯ ಎಣ್ಣೆ, ಬಸಿದ ಗಂಜಿ, ಸೋಪಿನ ನೊರೆ ಮೂರೂ ಸೇರಿ ಕೊಳವೆಯ ಒಳಮೈಗೆ ಮೇಣದಂತೆ ಬಿಳಿ ಪದರವಾಗಿ ಮೆತ್ತಿಕೊಳ್ಳುತ್ತವೆ. ಗಾಳಿಯಾಡದ ಆ ಪದರದಡಿ ಕೊಳೆತದ್ದೇ ನಿಮ್ಮ ಮೊಟ್ಟೆ ವಾಸನೆ, ಅಂದರೆ ಹೈಡ್ರೋಜನ್ ಸಲ್ಫೈಡ್. ಫಿನಾಯಿಲ್ ಅದರ ಮೇಲೆ ಹರಿದುಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಕೈಗವಸು ಹಾಕಿಕೊಂಡು ಹಳೇ ಸೌಟಿನಿಂದ ಜಿಡ್ಡು ಕೆರೆದು ಪೇಪರಿಗೆ ಹಾಕಿ ಕಸಕ್ಕೆ ಕೊಡಿ. ಆಮೇಲೆ ಬಿಸಿನೀರಲ್ಲಿ ಒಂದು ಹಿಡಿ ವಾಷಿಂಗ್ ಸೋಡಾ ಕರಗಿಸಿ ಹಾಕಿ. ಕುದಿಯುವ ನೀರು ಮಾತ್ರ ಬೇಡ, ಪಿವಿಸಿ ಪೈಪು ಮೆತ್ತಗಾಗಿ ಜೋತುಬೀಳುತ್ತದೆ. ಬಾಣಲೆಯನ್ನು ತೊಳೆಯುವ ಮೊದಲು ಹಳೇ ಪೇಪರಿನಿಂದ ಒರೆಸಿಬಿಡಿ.

ಬೇಸಿಗೆ ರಜೆಗೆ ಬೀಗ ಹಾಕಿ ಊರಿಗೆ ಹೋಗಿದ್ದೆವು. ತಿಂಗಳ ಮೇಲೆ ಬಂದು ಬಾಗಿಲು ತೆಗೆದರೆ ಮನೆಯೆಲ್ಲ ಚರಂಡಿ ವಾಸನೆ.
– ಓದುಗರು, ಬೆಂಗಳೂರು

ಬಚ್ಚಲಿನ ನಹಾನಿ ಟ್ರ್ಯಾಪ್, ಹಿತ್ತಲಿನ ಗಲ್ಲಿ ಟ್ರ್ಯಾಪ್ ಎರಡೂ ಒಣಗಿವೆ. ತಲಾ ಎರಡು ಚೊಂಬು ನೀರು ಹಾಕಿ, ಕಿಟಕಿ ತೆರೆದಿಡಿ. ಮುಂದಿನ ಸಲ ಹೊರಡುವಾಗ ಟ್ರ್ಯಾಪಿನ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ಆವಿಯಾಗುವುದು ತಡವಾಗುತ್ತದೆ. (ಮೇಲೆ ಎಣ್ಣೆಯನ್ನು ಬೈದವನೇ ಈ ಮಾತು ಹೇಳುತ್ತಿದ್ದೇನೆ. ಚಮಚ ಬೇರೆ, ಬಾಣಲೆ ಬೇರೆ.)

ನಮ್ಮದು ಹಳೇ ಮನೆ. ಬಚ್ಚಲ ನೀರು ಮೊದಲಿಂದಲೂ ಹಿತ್ತಲ ಬಾಳೆ ಬುಡಕ್ಕೇ ಹೋಗುತ್ತಿತ್ತು. ಈಗ ಕಪ್ಪಾಗಿ ನಿಲ್ಲುತ್ತದೆ, ಸಂಜೆಯಾದರೆ ಸೊಳ್ಳೆ.
– ಕೃಷಿಕರು, ತೀರ್ಥಹಳ್ಳಿ

ಬಾಳೆ ಅದೇ, ಬಚ್ಚಲು ಅದೇ, ಬದಲಾದದ್ದು ನೀರು. ಬೂದಿ, ಸೀಗೆಪುಡಿಯ ಕಾಲದ ನೀರನ್ನು ಮಣ್ಣು ಅರಗಿಸಿಕೊಳ್ಳುತ್ತಿತ್ತು. ಈಗ ವಾಷಿಂಗ್ ಮಶೀನಿನ ಪುಡಿ, ಶಾಂಪೂ, ಬಟ್ಟೆಯ ನೂಲೆಳೆ ಎಲ್ಲ ಸೇರಿ ಮಣ್ಣಿನ ರಂಧ್ರಗಳು ಮುಚ್ಚಿಹೋಗಿವೆ. ಹಾಗೆಂದು ಅಲ್ಲಿ ಸಿಮೆಂಟು ಬಳಿದರೆ ನೀರು ಇಂಗುವ ದಾರಿ ಇನ್ನಷ್ಟು ಕಟ್ಟುತ್ತದೆ. ಎರಡಡಿ ಆಳದ ಎರಡು ಕಾಲುವೆ ತೋಡಿ ಜಲ್ಲಿ ತುಂಬಿ, ಅಂಚಿನಲ್ಲಿ ಕೆಸುವು, ಕಾಬಾಳೆ ನೆಡಿ. ಹದಿನೈದು ದಿನ ಒಂದಕ್ಕೆ ನೀರು ಬಿಟ್ಟರೆ ಇನ್ನೊಂದು ಒಣಗಲಿ. ನೀರು ಕಾಲುವೆಗೆ ಬೀಳುವ ಮೊದಲು ಒಂದು ಬುಟ್ಟಿ ತೆಂಗಿನ ನಾರು ಇಟ್ಟರೆ ಜಿಡ್ಡು, ಕೂದಲು ಅಲ್ಲೇ ಸಿಗುತ್ತವೆ. ನಾರನ್ನು ಆಗಾಗ ಬದಲಿಸಿ. ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ಕೊಳಚೆಯೇ ತೊಟ್ಟಿಲು. ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು, ಅಷ್ಟು ದಿನ ನೀರು ಬಯಲಲ್ಲಿ ನಿಲ್ಲಬಾರದು.

ಮಳೆ ಬಂದಾಗಲೆಲ್ಲ ಅಂಗಳದ ಚೇಂಬರ್ ಉಕ್ಕುತ್ತದೆ. ಆಳು ಇಳಿಸಿ ಹೂಳು ತೆಗೆಸಿ ಎನ್ನುತ್ತಾರೆ ಅಕ್ಕಪಕ್ಕದವರು.
– ನಿವೃತ್ತ ಶಿಕ್ಷಕರು, ಮೈಸೂರು

ಯಾರನ್ನೂ ಇಳಿಸಬೇಡಿ ಮೇಷ್ಟ್ರೇ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿನೊಳಗೆ ರಕ್ಷಣಾ ಸಲಕರಣೆಯಿಲ್ಲದೆ ಆಳು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆಯ ಮಾತು ಬಿಡಿ, ಆ ಮೊಟ್ಟೆ ವಾಸನೆಯ ಅನಿಲ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯಿತು ಎಂದುಕೊಂಡು ಇಳಿದವರು ಮೇಲೆ ಬಂದಿಲ್ಲ. ನಗರಪಾಲಿಕೆಯ ಜೆಟ್ಟಿಂಗ್ ಯಂತ್ರ ಕರೆಸಿ.

ಆದರೆ ನೀವು ‘ಮಳೆ ಬಂದಾಗಲೆಲ್ಲ’ ಎಂದು ಬರೆದಿದ್ದೀರಿ. ಹೂಳು ಮಾತ್ರವಾಗಿದ್ದರೆ ಬಿಸಿಲಲ್ಲೂ ಉಕ್ಕಬೇಕಿತ್ತು. ತಾರಸಿಯ ಮಳೆನೀರಿನ ಪೈಪು ಎಲ್ಲಿಗೆ ಇಳಿದಿದೆ ನೋಡಿ. ಚೇಂಬರಿಗೇ ಸೇರಿಸಿದ್ದರೆ ಅದನ್ನು ಬಿಡಿಸಿ ಇಂಗುಗುಂಡಿಗೋ ರಸ್ತೆ ಬದಿಯ ಮಳೆನೀರು ಚರಂಡಿಗೋ ತಿರುಗಿಸಿ. ನಿಮ್ಮದು ಸರಿಯಿದ್ದರೆ ಆಳು ಇಳಿಸಿ ಎಂದ ಆ ಅಕ್ಕಪಕ್ಕದವರ ತಾರಸಿಯ ಪೈಪನ್ನೂ ಒಮ್ಮೆ ನೋಡಿ ಬನ್ನಿ.