ಅಲ್ಪವ್ಯಯದಲ್ಲಿ ಸಮೀಪ ಛಾಯಾಗ್ರಹಣ: ಮಸೂರದ ಆಯ್ಕೆ

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹುಳುಹುಪ್ಪಟೆಗಳ ಛಾಯಾಚಿತ್ರ ತೆಗೆಯುವ ಹವ್ಯಾಸಕ್ಕೆ ತೊಡಗಿರುವುದು ಸಂತೋಷದ ಸಂಗತಿ. ಈ ಮಹಾನಗರದಲ್ಲಿ ವಾಸಿಸುವ ನಮಗೆ ಹುಲಿಯನ್ನೋ ಆನೆಯನ್ನೋ ಅರಸಿ ಹೊರಡುವ ಅನುಕೂಲವಿಲ್ಲ. ಆದರೆ ಕಿಟಕಿಯ ಸರಳಿನ ಮೇಲೆ ನೆಗೆಯುವ ಜೇಡ, ಕುಂಡದ ತುಳಸಿಯ ಹೂವನ್ನರಸಿ ಬರುವ ಪುಟ್ಟ ಜೇನು, ಚಾಳಿನ ಹಿಂದಣ ಮಾವಿನ ಮರದಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ, ಮಲೆನಾಡಿನವರು ಚಗಳಿ ಎನ್ನುವ ಕೆಂಪಿರುವೆ, ಇವು ಯಾರ ಮನೆಗೂ ದೂರವಲ್ಲ. ಇವನ್ನು ಚೆನ್ನಾಗಿ ನೋಡಬೇಕೆಂಬವನು ಇವುಗಳ ಸಮೀಪಕ್ಕೆ ಹೋಗಬೇಕು. ಸಮೀಪಕ್ಕೆ ಹೋದೊಡನೆ ಸಾಮಾನ್ಯ ಕ್ಯಾಮೆರಾ ಕೈಕೊಡುತ್ತದೆ.

ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿಗೆ ಅವನ ಸೋದರಮಾವ ತಮ್ಮ ಹಳೆಯ ಕ್ಯಾಮೆರಾವನ್ನು ಕೊಟ್ಟಿದ್ದಾರೆ. ಅದರೊಡನೆ ೧೮ರಿಂದ ೫೫ ಮಿ.ಮೀ. ವರೆಗಿನ ಸಾಧಾರಣ ಮಸೂರವೊಂದಿದೆ. ತಾಯಿ ಹೊಲಿಗೆಯ ಕೆಲಸದಿಂದ ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಮಗನ ಹವ್ಯಾಸಕ್ಕೆಂದು ತೆಗೆದಿರಿಸಿದ್ದಾರೆ. ಅದನ್ನೆಲ್ಲ ಕೊಟ್ಟು ಮ್ಯಾಕ್ರೊ ಮಸೂರವನ್ನು ಕೊಳ್ಳಬಹುದೆ ಎಂಬುದು ಅವನ ಪ್ರಶ್ನೆ. ಅಂತಹ ಹಣವನ್ನು ಎರಡನೆಯ ಸಲ ಕೇಳಲಾಗದು. ಆದುದರಿಂದ ಜಾಹೀರಾತುಗಳ ಮಾತನ್ನು ಬದಿಗಿಟ್ಟು, ವಿಷಯವನ್ನು ಮೂಲದಿಂದಲೇ ವಿಚಾರ ಮಾಡೋಣ. ಅಂಗಡಿಯಲ್ಲಿ ಲೆನ್ಸ್ ಎಂದು ಕರೆಯುವುದನ್ನೇ ಇಲ್ಲಿ ನಮ್ಮ ಪಾಠದ ಪರಿಭಾಷೆಯಂತೆ ಮಸೂರವೆಂದು ಬರೆಯುತ್ತೇನೆ.

ಮೊದಲು ತಿಳಿಯಬೇಕಾದುದು ವರ್ಧನೆಯೆಂಬ ಮಾತಿನ ಅರ್ಥ. ಕ್ಯಾಮೆರಾದೊಳಗೆ ಮೊದಲು ಫಿಲ್ಮ್ ಇದ್ದ ಸ್ಥಳದಲ್ಲಿ ಈಗ ಸೆನ್ಸರ್ ಎಂಬ ಫಲಕವಿದೆ. ಆ ಫಲಕದ ಮೇಲೆ ಬೀಳುವ ಬಿಂಬದ ಉದ್ದವನ್ನು ವಸ್ತುವಿನ ನಿಜವಾದ ಉದ್ದದಿಂದ ಭಾಗಿಸಿದರೆ ಬರುವುದೇ ವರ್ಧನೆ. ಒಂದು ಸೆಂಟಿಮೀಟರ್ ಉದ್ದದ ಇರುವೆಯ ಬಿಂಬವೂ ಫಲಕದ ಮೇಲೆ ಒಂದು ಸೆಂಟಿಮೀಟರ್ ಇದ್ದರೆ ಅದು ಸಮಪ್ರಮಾಣ. ನಿಜವಾದ ಮ್ಯಾಕ್ರೊ ಮಸೂರವೆಂದರೆ ಈ ಸಮಪ್ರಮಾಣವನ್ನು, ಅಥವಾ ಕೊನೆಯ ಪಕ್ಷ ಅದರ ಅರ್ಧವನ್ನು, ಬೇರೆ ಉಪಕರಣದ ನೆರವಿಲ್ಲದೆ ಕೊಡತಕ್ಕದ್ದು. ಎಷ್ಟೋ ಜೂಮ್ ಮಸೂರಗಳ ಮೈಮೇಲೆ ಮ್ಯಾಕ್ರೊ ಎಂದು ಅಚ್ಚೊತ್ತಿರುತ್ತದೆ. ಅವುಗಳಲ್ಲಿ ಹೆಚ್ಚಿನವುಗಳ ವರ್ಧನೆ ಕಾಲುಭಾಗದಷ್ಟು. ಉತ್ತಮವಾದವು ಅರ್ಧವನ್ನು ಮುಟ್ಟುತ್ತವೆ. ಹೆಸರನ್ನು ನಂಬದೆ ಪ್ರಮಾಣವನ್ನು ಕೇಳಬೇಕು.

ಸಮೀಪಕ್ಕೆ ಹೋದಾಗ ಕ್ಯಾಮೆರಾ ಏಕೆ ಸೋಲುತ್ತದೆಂಬುದನ್ನು ನಿಮ್ಮ ಪಠ್ಯಪುಸ್ತಕದ ಸೂತ್ರವೇ ಹೇಳುತ್ತದೆ. ಮಸೂರದಿಂದ ವಸ್ತುವಿಗಿರುವ ದೂರದ ವ್ಯುತ್ಕ್ರಮವನ್ನೂ ಬಿಂಬಕ್ಕಿರುವ ದೂರದ ವ್ಯುತ್ಕ್ರಮವನ್ನೂ ಕೂಡಿಸಿದರೆ ಸಂಗಮದೂರದ ವ್ಯುತ್ಕ್ರಮ ಬರುತ್ತದೆ. ೫೦ ಮಿ.ಮೀ. ಸಂಗಮದೂರದ ಮಸೂರವನ್ನು ತೆಗೆದುಕೊಳ್ಳಿ. ವಸ್ತು ಬಹು ದೂರದಲ್ಲಿದ್ದರೆ ಬಿಂಬ ೫೦ ಮಿ.ಮೀ. ಹಿಂದೆ ಬೀಳುತ್ತದೆ. ವಸ್ತು ಒಂದು ಮೀಟರ್ ದೂರಕ್ಕೆ ಬಂದರೆ ಬಿಂಬದ ದೂರ ಸುಮಾರು ೫೨.೬ ಮಿ.ಮೀ.; ಅಂದರೆ ಮಸೂರವನ್ನು ಎರಡೂವರೆ ಮಿ.ಮೀ.ಗಳಷ್ಟು ಮುಂದೆ ಸರಿಸಿದರೆ ಸಾಕು. ಆದರೆ ವಸ್ತು ೧೫೦ ಮಿ.ಮೀ.ಗೆ ಬಂದಾಗ ಬಿಂಬದ ದೂರ ೭೫ ಆಗುತ್ತದೆ, ವರ್ಧನೆ ಅರ್ಧ. ವಸ್ತು ೧೦೦ ಮಿ.ಮೀ.ಗೆ ಬಂದಾಗ ಬಿಂಬವೂ ೧೦೦ರಲ್ಲಿ, ವರ್ಧನೆ ಒಂದು. ಈಗ ಮಸೂರವನ್ನು ಪೂರ್ತಿ ೫೦ ಮಿ.ಮೀ. ಮುಂದೆ ತರಬೇಕಾಯಿತು! ಸಾಮಾನ್ಯ ಮಸೂರದ ಹೊರಕವಚಕ್ಕೆ ಅಷ್ಟು ದೂರ ಚಾಚುವ ಶಕ್ತಿಯಿಲ್ಲ. ಇದೇ ಇಡೀ ಸಮಸ್ಯೆ. ಮ್ಯಾಕ್ರೊ ಮಸೂರವೂ, ಅದರ ಬದಲಿಗೆ ಬಳಸುವ ಅಗ್ಗದ ಉಪಾಯಗಳೂ ಈ ಒಂದೇ ಸಮಸ್ಯೆಗೆ ಬೇರೆ ಬೇರೆ ಉತ್ತರಗಳು.

ಕೊಳ್ಳುವ ಮುನ್ನ ಕೈಯಲ್ಲಿರುವುದನ್ನು ಅಳೆದು ನೋಡುವುದು ವಿವೇಕ. ಮಿ.ಮೀ. ಗೆರೆಗಳಿರುವ ಅಳತೆಪಟ್ಟಿಯನ್ನು ಮೇಜಿನ ಮೇಲಿಡಿ. ಮಸೂರವನ್ನು ಅತಿ ಹತ್ತಿರದ ನೆಲೆಗೆ ತಿರುಗಿಸಿ, ಪಟ್ಟಿ ಸ್ಪಷ್ಟವಾಗುವವರೆಗೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ ಚಿತ್ರ ತೆಗೆಯಿರಿ. ಚಿತ್ರದ ಅಗಲದಲ್ಲಿ ಎಷ್ಟು ಮಿ.ಮೀ. ಕಾಣುತ್ತದೆಯೋ ಎಣಿಸಿ. ಫಲಕದ ಅಗಲವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ವರ್ಧನೆ ದೊರಕುತ್ತದೆ. ದೊಡ್ಡ ಕ್ಯಾಮೆರಾಗಳ ಫಲಕದ ಅಗಲ ೩೬ ಮಿ.ಮೀ.; ವಿದ್ಯಾರ್ಥಿಗಳ ಕೈಗೆ ಬರುವ ಸಾಧಾರಣ ಕ್ಯಾಮೆರಾಗಳಲ್ಲಿ ಅದು ಕ್ಯಾನನ್ ಆದರೆ ಸುಮಾರು ೨೨, ನಿಕಾನ್ ಆದರೆ ಸುಮಾರು ೨೩.೫ ಮಿ.ಮೀ. ಹೀಗೆ ಅಳೆದರೆ, ೧೮-೫೫ರ ಸಾಧಾರಣ ಮಸೂರವೇ ಮೂರರಲ್ಲೊಂದು ಭಾಗದಷ್ಟು ವರ್ಧನೆಯನ್ನು ಕೊಡುವುದು ಕಂಡುಬರುತ್ತದೆ. ಅಂದರೆ ಆರೇಳು ಸೆಂಟಿಮೀಟರ್ ಅಗಲದ ದೃಶ್ಯ ಚೌಕಟ್ಟನ್ನು ತುಂಬುತ್ತದೆ. ದಾಸವಾಳಕ್ಕೂ ನಿಂಬೆಯ ಗಿಡಕ್ಕೆ ಬರುವ ದೊಡ್ಡ ಚಿಟ್ಟೆಗೂ ಇಷ್ಟು ಧಾರಾಳವಾಗಿ ಸಾಕು. ಹೂವು ಚಿಟ್ಟೆಗಳಲ್ಲೇ ಆಸಕ್ತಿಯುಳ್ಳವನು ಒಂದು ಕಾಸನ್ನೂ ವೆಚ್ಚ ಮಾಡಬೇಕಾಗಿಲ್ಲ. ಇರುವೆಯ ಮುಖ, ಜೇಡದ ಕಣ್ಣು, ನಾಣ್ಯದ ಮೇಲಿನ ಕೆತ್ತನೆ ಬೇಕೆಂಬವನು ಮಾತ್ರ ಮುಂದೆ ಓದಲಿ.

ಇಲ್ಲಿ ಸ್ವಲ್ಪ ಇತಿಹಾಸ ಹೇಳುವುದು ಅಪ್ರಸ್ತುತವಾಗದು. ಅನಂತ ದೂರದಿಂದ ಅತಿ ಸಮೀಪದವರೆಗೆ ಒಂದೇ ಓಟದಲ್ಲಿ ಹೊಂದಿಸಬಹುದಾದ ಮೊದಲ ಮ್ಯಾಕ್ರೊ ಮಸೂರವೆಂದು ಹೆಸರಾದುದು ೧೯೫೫ರಲ್ಲಿ ಹೊರಬಂದ ಹೈನ್ಸ್ ಕಿಲ್ಫಿಟ್ಟರ ಮಾಕ್ರೊ-ಕಿಲಾರ್. ಮರುವರ್ಷ ಜಪಾನಿನ ನಿಪ್ಪೋನ್ ಕೋಗಾಕು ಸಂಸ್ಥೆ, ಅಂದರೆ ಇಂದಿನ ನಿಕಾನ್, ಮೈಕ್ರೊ-ನಿಕ್ಕೋರ್ ಎಂಬ ಮಸೂರವನ್ನು ತಯಾರಿಸಿತು. ಅದರ ಮೂಲ ಉದ್ದೇಶ ಹುಳುಗಳಲ್ಲ, ಪುಸ್ತಕಗಳು. ಪುಟಗಳನ್ನು ಸಣ್ಣ ಫಿಲ್ಮಿನ ಮೇಲೆ ಇಳಿಸಿ ಕಾಪಾಡುವಾಗ ರೋಮನ್ ಅಕ್ಷರಗಳಿಗೆ ಸಾಕಾಗುತ್ತಿದ್ದ ಮಸೂರಗಳು ಜಪಾನಿನ ಒತ್ತೊತ್ತಾದ ಗೆರೆಗಳ ಅಕ್ಷರಗಳಿಗೆ ಸಾಲದಾದವು. ಆ ಅಗತ್ಯದಿಂದ ಇದು ಹುಟ್ಟಿತು. ಒತ್ತಕ್ಷರಗಳನ್ನು ಬರೆಯುವ ನಮಗೆ ಆ ಕಷ್ಟ ಸುಲಭವಾಗಿ ಅರ್ಥವಾಗಬೇಕು. ನಿಕಾನ್ ಇಂದಿಗೂ ಇಂತಹ ಮಸೂರಗಳನ್ನು ಮೈಕ್ರೊ ಎಂದೇ ಕರೆಯುತ್ತದೆ. ಅಂಗಡಿಯಲ್ಲಿ ಆ ಹೆಸರನ್ನು ಕಂಡು ಬೇರೆಯೇನೋ ಇರಬೇಕೆಂದು ಗಾಬರಿಯಾಗಬೇಡಿ.

ಮ್ಯಾಕ್ರೊ ಮಸೂರವನ್ನೇ ಕೊಳ್ಳುವುದಾದರೆ ಸಂಗಮದೂರದ ಆಯ್ಕೆ ಮುಖ್ಯ. ೪೦, ೬೦, ೧೦೦, ೧೮೦ ಮಿ.ಮೀ. ಎಲ್ಲವೂ ಸಮಪ್ರಮಾಣವನ್ನೇ ಕೊಡಬಹುದು. ವ್ಯತ್ಯಾಸವಿರುವುದು ಮಸೂರದ ಮುಂಭಾಗಕ್ಕೂ ವಸ್ತುವಿಗೂ ನಡುವೆ ಉಳಿಯುವ ಸ್ಥಳದಲ್ಲಿ. ೪೦ ಮಿ.ಮೀ.ನದಾದರೆ ನಾಲ್ಕು ಸೆಂಟಿಮೀಟರೂ ಉಳಿಯುವುದಿಲ್ಲ. ೬೦ ಆದರೆ ಸುಮಾರು ಒಂಬತ್ತು. ೧೦೦ ಆದರೆ ಸುಮಾರು ಹದಿನೈದು. ನಾಣ್ಯ, ಅಂಚೆಚೀಟಿ, ಒಣಗಿದ ಬೀಜ ಓಡಿಹೋಗುವುದಿಲ್ಲ, ಅವಕ್ಕೆ ಚಿಕ್ಕದು ಸಾಕು. ಅದು ಅಗ್ಗವೂ ಹೌದು. ಆದರೂ ನಾಲ್ಕು ಸೆಂಟಿಮೀಟರಿನಲ್ಲಿ ಮಸೂರದ ನೆರಳೇ ವಸ್ತುವಿನ ಮೇಲೆ ಬೀಳುವ ತೊಂದರೆಯುಂಟು. ಜೀವಂತ ಕೀಟಗಳಿಗೆ ೯೦ ಅಥವಾ ೧೦೦ ಮಿ.ಮೀ. ಉಚಿತ. ೧೮೦ರದು ಭಾರ, ಬೆಲೆಯೂ ಹೆಚ್ಚು. ವಿದ್ಯಾರ್ಥಿಗೆ ಅದರ ಯೋಚನೆಯೇ ಬೇಡ. ಹೊಸ ೧೦೦ ಮಿ.ಮೀ. ಮಸೂರದ ಬೆಲೆ ಹತ್ತಾರು ಸಾವಿರ ರೂಪಾಯಿಗಳಾದುದರಿಂದ, ಅದೂ ನಮ್ಮ ಹೆಚ್ಚಿನ ಮನೆಗಳಿಗೆ ಒದಗತಕ್ಕದ್ದಲ್ಲ.

ಹಾಗಾದರೆ ಅಗ್ಗದ ದಾರಿಗಳು ಯಾವುವು? ಒಂದು, ಮಸೂರದ ಮುಂದೆ ತಿರುಪಿ ಹಾಕುವ ಪೀನ ಮಸೂರ. ಇದು ಅಜ್ಜನವರ ಓದುವ ಕನ್ನಡಕದ ತತ್ತ್ವವೇ; ಶಕ್ತಿಯನ್ನು ಡಯಾಪ್ಟರುಗಳಲ್ಲಿ ಹೇಳುತ್ತಾರೆ. ಒಂದು ಮೀಟರನ್ನು ಡಯಾಪ್ಟರಿನಿಂದ ಭಾಗಿಸಿದರೆ ಅದರ ಸಂಗಮದೂರ ಬರುತ್ತದೆ. ಕ್ಯಾಮೆರಾದ ಮಸೂರವನ್ನು ಅನಂತಕ್ಕೆ ಇರಿಸಿದಾಗ ವರ್ಧನೆಯೆಂದರೆ ಕ್ಯಾಮೆರಾದ ಮಸೂರದ ಸಂಗಮದೂರವನ್ನು ಈ ಗಾಜಿನ ಸಂಗಮದೂರದಿಂದ ಭಾಗಿಸಿದ ಲಬ್ಧ. ೪ ಡಯಾಪ್ಟರಿನ ಗಾಜಿನ ಸಂಗಮದೂರ ೨೫೦ ಮಿ.ಮೀ.; ೫೦ರ ಮಸೂರದ ಮುಂದೆ ಅದರಿಂದ ಐದರಲ್ಲೊಂದು ಭಾಗ ಮಾತ್ರ ಸಿಗುತ್ತದೆ, ೨೦೦ರ ಮುಂದೆ ಐದರಲ್ಲಿ ನಾಲ್ಕು ಭಾಗ. ಆದ್ದರಿಂದ ಇದು ಉದ್ದದ ಮಸೂರವುಳ್ಳವರ ಉಪಾಯ. ಒಂಟಿ ಗಾಜಿನವು ಅಂಚುಗಳಲ್ಲಿ ಬಣ್ಣದ ಗೆರೆಗಳನ್ನು ತೋರಿಸುತ್ತವೆ. ಬೇರೆ ಬೇರೆ ಗಾಜುಗಳನ್ನು ಜೋಡಿಸಿ ಆ ದೋಷವನ್ನು ತಗ್ಗಿಸಿದವೂ ಉಂಟು. ೮ ಡಯಾಪ್ಟರಿನ ರೇನಾಕ್ಸ್ ೨೫೦ ಎಂಬುದು ಹವ್ಯಾಸಿಗಳಲ್ಲಿ ಹೆಸರುವಾಸಿಯಾದುದು. ಮೊಬೈಲ್ ಫೋನಿಗೆ ಸಿಕ್ಕಿಸುವ ಪುಟ್ಟ ಗಾಜು ಕೂಡ ಇದೇ ಜಾತಿ.

ಎರಡನೆಯದು ಟ್ಯೂಬ್ ಎಂಬ ಟೊಳ್ಳು ನಳಿಗೆ. ಇದರಲ್ಲಿ ಗಾಜೇ ಇಲ್ಲ. ಮಸೂರವನ್ನು ಮುಂದಕ್ಕೆ ನಿಲ್ಲಿಸುವುದಷ್ಟೇ ಇದರ ಕೆಲಸ. ಮೇಲಿನ ಲೆಕ್ಕವನ್ನು ನೆನೆಯಿರಿ: ನಳಿಗೆಯ ಉದ್ದವನ್ನು ಸಂಗಮದೂರದಿಂದ ಭಾಗಿಸಿದಷ್ಟು ವರ್ಧನೆ ಹೆಚ್ಚುತ್ತದೆ. ೫೦ರ ಮಸೂರಕ್ಕೆ ೩೬ ಮಿ.ಮೀ. ನಳಿಗೆ ಹಾಕಿದರೆ ೦.೭೨ ಸೇರುತ್ತದೆ. ಇಲ್ಲಿ ಚಿಕ್ಕ ಸಂಗಮದೂರಕ್ಕೇ ಲಾಭ, ಹಿಂದಿನದಕ್ಕೆ ತದ್ವಿರುದ್ಧ. ಆದರೆ ಅತಿ ಅಗ್ಗದ ನಳಿಗೆಗಳಲ್ಲಿ ವಿದ್ಯುತ್ ಸಂಪರ್ಕದ ಬಿಂದುಗಳಿರುವುದಿಲ್ಲ. ಆಗ ಕ್ಯಾನನ್ನಿನ ಮಸೂರದ ದ್ವಾರ ಪೂರ್ಣ ತೆರೆದೇ ಉಳಿಯುತ್ತದೆ; ದ್ವಾರದ ಬಳೆಯಿಲ್ಲದ ನಿಕಾನ್ ಮಸೂರಗಳಲ್ಲಿ ಪೂರ್ಣ ಮುಚ್ಚಿಕೊಂಡು ಕತ್ತಲಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಗ್ಗ: ಕೆಲವು ನೂರು ರೂಪಾಯಿಗಳ ರಿವರ್ಸ್ ರಿಂಗ್. ಇದರಿಂದ ಮಸೂರವನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಜೋಡಿಸುತ್ತೇವೆ. ೫೦ ಮಿ.ಮೀ. ಮಸೂರ ಸುಮಾರು ಸಮಪ್ರಮಾಣವನ್ನೂ ೨೮ರದು ಸುಮಾರು ಎರಡರಷ್ಟನ್ನೂ ಕೊಡುತ್ತದೆ. ಮೊದಲು ಫಲಕವಿದ್ದ ಬದಿಯಲ್ಲಿ ಈಗ ಇರುವೆ ನಿಲ್ಲಬೇಕು. ಹಾಗಾಗಿ ಮಸೂರದ ಹಿಂಬಳೆಯಿಂದ ಕೆಲವೇ ಸೆಂಟಿಮೀಟರ್ ದೂರದಲ್ಲೇ ದೃಶ್ಯ ಸ್ಪಷ್ಟವಾಗುತ್ತದೆ. ಬಳೆಯ ಮೇಲೆ ೫೨, ೫೮ ಎಂದು ಬರೆದಿರುವುದು ಮಸೂರದ ಮುಂಭಾಗದ ತಿರುಪಿನ ವ್ಯಾಸ, ಸಂಗಮದೂರವಲ್ಲ. ಅದನ್ನು ನಿಮ್ಮ ಮಸೂರದೊಡನೆ ತಾಳೆ ನೋಡಿಯೇ ಕೊಳ್ಳಬೇಕು.

ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗೆ ಸಲ್ಲುವ ಕ್ರಮ ಹೀಗಿದೆ. ಮೊದಲು ರಿವರ್ಸ್ ರಿಂಗಿನಿಂದ ಒಂದು ಋತುವನ್ನು ಕಳೆಯುವುದು. ಹವ್ಯಾಸ ಬಾಡದೆ ಉಳಿದರೆ, ಹಳೆಯ ಕಾಲದ, ಕೈಯಿಂದ ತಿರುಗಿಸುವ ೫೫ ಮಿ.ಮೀ. ಮೈಕ್ರೊ-ನಿಕ್ಕೋರಿನಂತಹದನ್ನು ಹುಡುಕುವುದು. ಅದು ತಾನಾಗಿ ಅರ್ಧ ಪ್ರಮಾಣವನ್ನೂ, ೨೭.೫ ಮಿ.ಮೀ. ನಳಿಗೆಯೊಡನೆ ಸಮಪ್ರಮಾಣವನ್ನೂ ಕೊಡುತ್ತದೆ. ದ್ವಾರದ ಬಳೆ ಅದರ ಮೈಮೇಲೆಯೇ ಇರುವುದರಿಂದ ಮೇಲೆ ಹೇಳಿದ ಕಷ್ಟಗಳಿಲ್ಲ. ನಡುವೆ ತಕ್ಕ ಬಳೆ ಹಾಕಿ ಇದನ್ನು ಕ್ಯಾನನ್ ಕ್ಯಾಮೆರಾಕ್ಕೂ ಜೋಡಿಸಬಹುದು. ನಿಕಾನಿನ ಸಾಧಾರಣ ಕ್ಯಾಮೆರಾಗಳಲ್ಲಿ ಇದರೊಡನೆ ಬೆಳಕಿನ ಮಾಪಕ ಕೆಲಸ ಮಾಡದು. ಒಂದು ಚಿತ್ರ ತೆಗೆದು ನೋಡಿ ತಿದ್ದಿಕೊಂಡರಾಯಿತು. ಯಾಂತ್ರಿಕ ಸ್ಪಷ್ಟೀಕರಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಇಷ್ಟು ಸಮೀಪದಲ್ಲಿ ಎಲ್ಲರೂ ತಲೆಯನ್ನೇ ಹಿಂದೆ ಮುಂದೆ ತೂಗಿ ಸ್ಪಷ್ಟಗೊಳಿಸುವವರೇ. ಹಣ ಇನ್ನೂ ಸ್ವಲ್ಪ ಹೆಚ್ಚಿದ್ದು ಕೀಟಗಳಲ್ಲೇ ಮನಸ್ಸಿದ್ದರೆ, ಬಳಸಿದ ಟ್ಯಾಮ್ರಾನ್ ೯೦ ಮಿ.ಮೀ. ಒಳ್ಳೆಯದು. ೧೯೭೯ರ ಮೊದಲ ಮಾದರಿ ಅರ್ಧ ಪ್ರಮಾಣದ್ದು, ಈಚಿನ ಮಾದರಿಗಳು ಸಮಪ್ರಮಾಣದವು. ಎರಡನ್ನೂ ಒಂದೆಂದು ಭಾವಿಸಿ ಬೆಲೆ ಕೊಡಬಾರದು.

ಯಾವ ಮಸೂರವಾದರೂ ಎರಡು ಕಷ್ಟಗಳಿಂದ ತಪ್ಪಿಸಿಕೊಳ್ಳಲಾರದು. ಸಮಪ್ರಮಾಣದಲ್ಲಿ ಬಿಂಬದ ದೂರ ಇಮ್ಮಡಿಯಾದುದರಿಂದ, ವಿಲೋಮ ವರ್ಗ ನಿಯಮದಂತೆ, ಫಲಕಕ್ಕೆ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಸ್ಪಷ್ಟವಾಗಿ ಕಾಣುವ ಆಳವೂ ಕಿರಿದು: ೩೬ ಮಿ.ಮೀ. ಫಲಕದಲ್ಲಿ ದ್ವಾರಸಂಖ್ಯೆ ೮ ಇಟ್ಟರೆ ಹೆಚ್ಚುಕಡಿಮೆ ಒಂದು ಮಿ.ಮೀ. ಮಾತ್ರ. ಇರುವೆಯ ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಂಜು. ದ್ವಾರವನ್ನು ೨೨ರ ವರೆಗೆ ಮುಚ್ಚಿದರೆ ಆಳ ಹೆಚ್ಚುವುದು ನಿಜ, ಆದರೆ ಬೆಳಕಿನ ವಿವರ್ತನೆಯಿಂದ ಚಿತ್ರವೆಲ್ಲ ಮೆತ್ತಗಾಗುತ್ತದೆ. ೮ರಿಂದ ೧೧ರೊಳಗೆ ಇರುವುದು ಲೇಸು. ಬೆಳಕಿನ ಕೊರತೆಗೆ ಹಣವೇನೂ ಬೇಡ. ಮುಂಜಾನೆಯ ಓರೆ ಬಿಸಿಲು, ಒಂದು ಪಕ್ಕಕ್ಕೆ ಬಿಳಿಯ ಥರ್ಮಕೋಲಿನ ತುಂಡು, ಕ್ಯಾಮೆರಾದ ಫ್ಲ್ಯಾಶಿನ ಮುಂದೆ ಟ್ರೇಸಿಂಗ್ ಕಾಗದ, ಇಷ್ಟರಿಂದ ಆಗುವ ಉಪಕಾರ ಎಷ್ಟೋ ಸಲ ಹೊಸ ಮಸೂರದಿಂದಲೂ ಆಗದು. ಕೀಟಗಳು ಚಳಿಗಾಲದ ಬೆಳಗಿನಲ್ಲಿ ತಾವಾಗಿಯೇ ಜಡವಾಗಿರುತ್ತವೆ. ಅವನ್ನು ಶೀತಪೆಟ್ಟಿಗೆಯಲ್ಲಿಟ್ಟು ಜಡಗೊಳಿಸಿ ಚಿತ್ರ ತೆಗೆಯುವುದು ಹೇಯವಾದ ಕೆಲಸ.

ಮುಂಬಯಿಯವರು ಬಳಸಿದ ಮಸೂರಗಳಿಗಾಗಿ ಕೋಟೆ ವಿಭಾಗದ ಬೋರಾ ಬಜಾರಿಗೆ ಹೋಗುವುದುಂಟು. ಹೋಗುವಾಗ ಹಿರಿಯರೊಬ್ಬರನ್ನೂ, ಒಂದು ಕೈದೀಪವನ್ನೂ, ಮೇಲೆ ಹೇಳಿದ ಅಳತೆಪಟ್ಟಿಯನ್ನೂ ಒಯ್ಯಿರಿ. ಮಸೂರದ ಒಂದು ತುದಿಯಿಂದ ದೀಪ ಹಾಯಿಸಿ ಇನ್ನೊಂದು ತುದಿಯಿಂದ ನೋಡಬೇಕು. ಒಂದೆರಡು ಧೂಳಿನ ಕಣಗಳಿಂದ ಚಿತ್ರಕ್ಕೆ ಹಾನಿಯಿಲ್ಲ. ಜೇಡರಬಲೆಯಂತೆ ಹಬ್ಬಿದ ಎಳೆಗಳು ಕಂಡರೆ ಅದು ಬೂಷ್ಟು. ಬೆಲೆ ಎಷ್ಟೇ ಇಳಿದರೂ ಅದನ್ನು ಬಿಟ್ಟುಬರಬೇಕು. ದ್ವಾರದ ರೆಕ್ಕೆಗಳು ಎಣ್ಣೆ ಹಿಡಿಯದೆ ಚುರುಕಾಗಿ ತೆರೆದು ಮುಚ್ಚುತ್ತವೆಯೆ, ಸ್ಪಷ್ಟಗೊಳಿಸುವ ಬಳೆ ಎಲ್ಲಿಯೂ ತಡೆಯದೆ ತಿರುಗುತ್ತದೆಯೆ ಎಂಬುದನ್ನು ನೋಡಿ. ಅಂಗಡಿಯವರ ಅನುಮತಿ ಪಡೆದು ಅಳತೆಪಟ್ಟಿಯ ಚಿತ್ರವೊಂದನ್ನು ತೆಗೆದರೆ ವರ್ಧನೆಯ ವಿಷಯದಲ್ಲಿ ಬಾಯಿಮಾತಿನ ಅಗತ್ಯವೇ ಉಳಿಯುವುದಿಲ್ಲ.

ಮನೆಗೆ ತಂದ ಮೇಲೆ ಮಳೆಗಾಲದ ನಾಲ್ಕು ತಿಂಗಳೂ ಅದನ್ನು ಚರ್ಮದ ಚೀಲದಲ್ಲಾಗಲಿ ಬಟ್ಟೆಯ ಕಪಾಟಿನಲ್ಲಾಗಲಿ ಇಡಬಾರದು. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಟ್ಟು, ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅವನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ವಾರಕ್ಕೊಮ್ಮೆಯಾದರೂ ಹೊರತೆಗೆದು ಗಾಳಿ ಬೆಳಕು ತೋರಿಸಿ. ಅಂದು ಕಿಟಕಿಯಲ್ಲಿ ಜೇಡ ಹೇಗೂ ಇರುತ್ತದೆ.