ಹಠವಲ್ಲ ತಾಯಿ, ಅವನಿಗೆ ಕೇಳಿಸುತ್ತಿಲ್ಲ

ಪ್ರಶ್ನೆ: ನನ್ನ ಮಗನಿಗೆ 5 ವರ್ಷ. ಎಂಪಿಎಸ್ (ಹಂಟರ್) ಕಾಯಿಲೆ ಇದೆ ಎಂದಿದ್ದಾರೆ. ಈಚೆಗೆ ಕರೆದರೂ ತಿರುಗುವುದಿಲ್ಲ, ಟಿವಿ ಸದ್ದು ಜೋರು ಮಾಡುತ್ತಾನೆ. ಬೈದು ಸಾಕಾಗಿದೆ.
– ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಬೈಯಬೇಡಿ ತಾಯಿ. ಈ ಕಾಯಿಲೆಯಲ್ಲಿ ದೇಹ ಕರಗಿಸಬೇಕಾದ ಒಂದು ಬಗೆಯ ಸಕ್ಕರೆ ಸರಪಳಿಗಳು, ಕಿಣ್ವದ ಕೊರತೆಯಿಂದ ಅಂಗಾಂಗಗಳಲ್ಲಿ ಶೇಖರವಾಗುತ್ತವೆ. ಕಿವಿಯೂ ಇದಕ್ಕೆ ಹೊರತಲ್ಲ. ಹೆಚ್ಚಿನ ಮಕ್ಕಳಲ್ಲಿ ಕಿವಿ ತಮಟೆಯ ಹಿಂದೆ ಅಂಟು ದ್ರವ ತುಂಬಿ ಸದ್ದು ಸರಿಯಾಗಿ ಒಳಗೆ ಹೋಗುವುದಿಲ್ಲ. ಕ್ರಮೇಣ ಒಳಗಿವಿಯೂ ಸೊರಗಬಹುದು.

ಇಂದೇ ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ತಿರುಗಲಿ, ಬಿಡಲಿ, ಮನೆಯ ಪರೀಕ್ಷೆಯನ್ನೇ ನಂಬಿ ಕೂರದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಶ್ರವಣ ಪರೀಕ್ಷೆ, ಬೇಕಾದರೆ ಮಲಗಿಸಿ ಮಾಡುವ ಬೆರಾ (ಸದ್ದಿಗೆ ಶ್ರವಣ ನರದ ಪ್ರತಿಕ್ರಿಯೆ ಅಳೆಯುವ) ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದಂತೆ ಕಾಲಕಾಲಕ್ಕೆ ಮತ್ತೆ ಮಾಡಿಸುತ್ತಿರಿ.

ದ್ರವ ತೆಗೆಯಲು ಪುಟ್ಟ ನಳಿಕೆ ಇಡಬಹುದು, ಶ್ರವಣ ಸಾಧನ ಹಾಕಬಹುದು. ಆದರೆ ಒಂದು ಎಚ್ಚರಿಕೆ: ಈ ಮಕ್ಕಳ ಉಸಿರುದಾರಿ ಕಿರಿದು. ಆದ್ದರಿಂದ ಅರಿವಳಿಕೆ, ನಿದ್ರೆಯ ಔಷಧಿ ಏನೇ ಇದ್ದರೂ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ, ಅನುಭವಿ ತಂಡವಿರುವ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ.

ಬಂಗಾರಪೇಟೆ ದಾರಿಯ ರೈಲು ಹತ್ತಿದರೆ ಬೆಂಗಳೂರು ದೂರವಲ್ಲ. ಅಲ್ಲಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಪರೂಪದ ಕಾಯಿಲೆಗಳ ಉತ್ಕೃಷ್ಟತಾ ಕೇಂದ್ರ. ಇಂಥ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಅರ್ಹರಿಗೆ 50 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ, ವಿಚಾರಿಸಿ. ಕಿವಿ-ಮಾತಿನ ತರಬೇತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ.

ಅಲ್ಲಿಯವರೆಗೆ ಅವನೆದುರು ಕುಕ್ಕರಗಾಲಲ್ಲಿ ಕೂತು, ಮುಖ ತೋರಿಸಿ, ನಿಧಾನವಾಗಿ ಮಾತಾಡಿ. ನಿಮ್ಮ ತುಟಿ ನೋಡಿ ಅವನು ನಕ್ಕರೆ, ಅದೇ ನಿಮಗೆ ಸಿಗುವ ಉತ್ತರ.